ನಾಳೆಯ ನಿಂಬೆಹಣ್ಣು

"ಮುಟ್ಬೇಡಮ್ಮ! ಆಯುಧಪೂಜೆಗೆ ಇಟ್ಟಿದ್ದು, ನಾಳೆವರೆಗೂ ಕದಲಿಸ್ಬಾರ್ದು" ಎಂದು ಜೀಪ್ ಡ್ರೈವರ್ ದೊಡ್ಡಮುನಿಯಪ್ಪ ಅಡ್ಡ ನಿಂತ. ಆವನಿಯ ಕೊಳವೆಬಾವಿ ಕ್ಯಾಂಪಿನ ಸ್ಪ್ಯಾನರು, ಸುತ್ತಿಗೆಗಳ ಸಾಲಿನಲ್ಲಿ ಔಷಧದ ಪೆಟ್ಟಿಗೆಯೂ ಕುಂಕುಮ ಹಚ್ಚಿಸಿಕೊಂಡು, ಚೆಂಡುಹೂ ಮುಡಿದು ಕೂತಿತ್ತು. ಹಾವಿನ ವಿಷಕ್ಕೆ ಬೇಕಾದ ಇಂಜೆಕ್ಷನ್ ಅದರೊಳಗೇ ಇತ್ತು.

ನರ್ಸ್ ಭಾರತಮ್ಮ ಪೆಟ್ಟಿಗೆಯತ್ತ ಚಾಚಿದ ಕೈ ಹಿಂತೆಗೆಯಲಿಲ್ಲ. ಹಾವು ಕಚ್ಚಿದ ವಾಚ್‌ಮನ್ ಮುನಿರಾಮಪ್ಪನ ರೆಪ್ಪೆಗಳು ಆಗಲೇ ಜೋತುಬೀಳುತ್ತಿದ್ದವು. "ಇದನ್ನ ಚುಚ್ಚಿ ತಕ್ಷಣ ಕೋಲಾರದ ಆಸ್ಪತ್ರೆಗೆ ಸೇರಿಸ್ಬೇಕಣ್ಣ. ಪೂಜೆ ಮಾಡಿದ್ದು ಯಾತಕ್ಕೆ ಹೇಳಣ್ಣ, ಹೊತ್ತಿಗೆ ಆಗ್ಲಿ ಅಂತ ತಾನೇ?"

ದೊಡ್ಡಮುನಿಯಪ್ಪ ಸರಕ್ಕನೆ ಹೊರಗೆ ಹೋಗಿಬಿಟ್ಟ. ಮುನಿಸಿಕೊಂಡ, ಇನ್ನು ಪೂಜೆಗೆ ನಿಲ್ಲಿಸಿದ ಜೀಪು ಸಿಕ್ಕಿದಂತೆಯೇ ಎಂದುಕೊಂಡಳು ಭಾರತಮ್ಮ. ಹೂ ಸರಿಸಿ, ಮುಚ್ಚಳ ತೆಗೆದು, ಸಿರಿಂಜಿಗೆ ಮದ್ದು ಎಳೆದುಕೊಳ್ಳುವಷ್ಟರಲ್ಲಿ ಹೊರಗೆ ಇಂಜಿನ್ ಗುಡುಗಿತು. ನಾಳೆ ತುಳಿಸಬೇಕಿದ್ದ ನಿಂಬೆಹಣ್ಣು ಜೀಪಿನ ಚಕ್ರದಡಿ ಪಚಕ್ಕೆಂದಿತು.