ಹಾಲಸ್ವಾಮಿಯ ಕೊನೆಯ ರೀಲು

ಹಾಲಸ್ವಾಮಿಯ ಚಿತ್ರದ ನಾಯಕ ಬಸ್ಸಿನ ಹಿಂದೆ ಓಡುವುದಿಲ್ಲ ಎಂದು ಮಂಜಪ್ಪ ಮೈಕಿನಲ್ಲಿ ಹೇಳಿದಾಗ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಮಂಜಪ್ಪ ನಿಲ್ಲಿಸಲಿಲ್ಲ. ಹೋಗುವವಳನ್ನು ಹೋಗಲು ಬಿಟ್ಟು ಧೂಳಿನಲ್ಲಿ ಕೈಕಟ್ಟಿ ನಿಲ್ಲುವವನೇ ಗಂಡಸು, ಇದನ್ನು ತನಗೆ ಕಲಿಸಿದ್ದು ಅಪ್ಪನಲ್ಲ, ಮೇಷ್ಟ್ರಲ್ಲ, ಆ ಚಿತ್ರ ಎಂದ. ಈ ಸಲ ಮುಂದಿನ ಸಾಲಿನವರೂ ನಕ್ಕರು. ಶ್ರದ್ಧಾಂಜಲಿ ಸಭೆಯಲ್ಲಿ ಜನ ನಕ್ಕರೆ ಭಾಷಣ ಚೆನ್ನಾಗಿದೆಯೆಂದೋ ಕೆಟ್ಟಿದೆಯೆಂದೋ ತಿಳಿಯದೆ, ಹಾರ ಹಾಕಿದ ಫೋಟೋಗೆ ಕೈಮುಗಿದು ಕೆಳಗಿಳಿದ.

ನಿರ್ದೇಶಕ ಹಾಲಸ್ವಾಮಿ ಹೋದ ತಿಂಗಳು ತೀರಿಕೊಂಡಿದ್ದರು. ಶಿವಮೊಗ್ಗದ ಸವಳಂಗ ರಸ್ತೆಯ ಸಭಾಂಗಣದಲ್ಲಿ ಫಿಲ್ಮ್ ಸೊಸೈಟಿಯ ಮಧುಸೂದನ ಈ ಕಾರ್ಯಕ್ರಮ ಇಟ್ಟುಕೊಂಡಿದ್ದ. ಕಾರ್ಮಿಕರಲ್ಲೂ ಅವರಿಗೆ ಅಭಿಮಾನಿಗಳಿದ್ದರು ಎಂದು ತೋರಿಸಲು ಭದ್ರಾವತಿಯಿಂದ ಒಬ್ಬರು ಬೇಕಾಗಿತ್ತು. ಕಾರ್ಖಾನೆಯಿಂದ ನಿವೃತ್ತನಾಗಿದ್ದ ಮಂಜಪ್ಪನನ್ನು ಕರೆಸಿದ್ದ. ಭಾಷಣಗಳಾದ ಮೇಲೆ ಬಸ್ಸಿನ ಆ ಚಿತ್ರವನ್ನೇ ತೋರಿಸುವುದಿತ್ತು. ಟಿವಿಯಲ್ಲಿ ಯಾವತ್ತೂ ಬಾರದ ಚಿತ್ರ. ಪ್ರಿಂಟು ಈಚೆಗಷ್ಟೇ ಸಿಕ್ಕಿತ್ತು.

ಆ ಚಿತ್ರದ ಮೇಲೆಯೇ ಮಂಜಪ್ಪ ಬದುಕು ಕಟ್ಟಿಕೊಂಡಿದ್ದ. ಬಡ್ತಿ ಕಿರಿಯವನಿಗೆ ಹೋದಾಗ ಯಾಕೆಂದು ಕೇಳಲು ಹೋಗಲಿಲ್ಲ. ಒಡಹುಟ್ಟಿದ ತಮ್ಮ ಮಾತು ಬಿಟ್ಟಾಗ ತಾನೂ ಬಿಟ್ಟ. ಈಗ ಹೆಂಡತಿ. ಕಾರ್ಖಾನೆಯ ಕ್ವಾರ್ಟರ್ಸಿನ ಸಾಲು ಪೂರ್ತಿ ಖಾಲಿಯಾಗಿ, ಪಕ್ಕದ ಮನೆಯ ಗೋಡೆಯಲ್ಲಿ ಅರಳಿ ಗಿಡ ಎದ್ದಿತ್ತು. ಈ ಹಾಳುಬಿದ್ದ ಮನೆಗಳ ನಡುವೆ ಇರಲಾರೆ, ಶಿವಮೊಗ್ಗದ ರಾಗಿಗುಡ್ಡದಲ್ಲಿ ತಂಗಿ ವೀಣಾಳ ಬೀದಿಯಲ್ಲೇ ಬಾಡಿಗೆ ಮನೆಯಿದೆ, ಹೋಗೋಣ ಎಂದು ಉಚ್ಚಂಗಮ್ಮ ಹೇಳುತ್ತಲೇ ಇದ್ದಳು. ಅವನು ಒಪ್ಪಲಿಲ್ಲ. ಹೋದ ವಾರ ಅವಳೊಬ್ಬಳೇ ಬ್ಯಾಗು ಹಿಡಿದು ಬಸ್ಸು ಹತ್ತಿದಳು. ಮಂಜಪ್ಪ ಸ್ಟಾಪಿನಲ್ಲಿ ಕೈಕಟ್ಟಿ ನಿಂತ. ತಿರುವಿನವರೆಗೂ ಅವಳು ಕಿಟಕಿಯಿಂದ ತಿರುಗಿ ನೋಡುತ್ತಿದ್ದಳು. ಥೇಟ್ ಚಿತ್ರದಲ್ಲಿ ಇದ್ದ ಹಾಗೇ ಇದೆ ಎಂದು ಅವನಿಗೆ ಒಳಗೊಳಗೇ ಹೆಮ್ಮೆಯಾಗಿತ್ತು.

ಮಧುಸೂದನ ಬಂದು ಪಕ್ಕದ ಕುರ್ಚಿಯಲ್ಲಿ ಕೂತ.

"ಕೊನೇಲಿ ಅವನು ಓಡ್ತಾನಲ್ಲ, ಮಂಜಪ್ಪನೋರೆ."

"ಓಡಲ್ಲ ಮಾರಾಯ. ಲೆಕ್ಕ ಇಲ್ಲದಷ್ಟು ಸಲ ನೋಡಿದೀನಿ. ನಮ್ಮ ಫ್ಯಾಕ್ಟರಿ ಗೇಟಿನ ಎದುರು ಟಾಕೀಸಲ್ಲಿ, ಫಸ್ಟ್ ಶೋ."

"ಶೋ ಬಿಟ್ಟ ಮೇಲೆ ಎಲ್ಲಿಗೆ ಹೋಗ್ತಿದ್ರಿ?"

"ನೈಟ್ ಶಿಫ್ಟಿಗೆ."

ದೀಪ ಆರಿತು.

ಶಿಫ್ಟಿನ ಸೈರನ್ ಹೊತ್ತಿಗೆ ಚಿತ್ರ ಮುಗಿಯದಿದ್ದರೆ ಆ ಟಾಕೀಸಿನಲ್ಲಿ ಕುರ್ಚಿ ಮುರಿಯುತ್ತಿದ್ದರು. ಅದಕ್ಕೇ ಉದ್ದದ ಚಿತ್ರ ಬಂದರೆ ಆಪರೇಟರ್ ಕೊನೆಯ ರೀಲು ಬಿಟ್ಟು 'ಶುಭಂ' ಸ್ಲೈಡು ಹಾಕಿಬಿಡುತ್ತಿದ್ದ. ಇದು ಊರಿಗೇ ಗೊತ್ತಿದ್ದ ಸಂಗತಿ. ಕೊನೆಯ ರೀಲೆಂದರೆ ಹೊಡೆದಾಟ, ಆಮೇಲೆ ಪೊಲೀಸು; ಹೋದರೆ ಯಾರಿಗೂ ನಷ್ಟವಿರಲಿಲ್ಲ. ಹಾಲಸ್ವಾಮಿಯ ಚಿತ್ರಕ್ಕೂ ಅದೇ ಗತಿಯಾಗಿದ್ದೀತು ಎಂದು ಮಾತ್ರ ಯಾರಿಗೂ ಹೊಳೆದಿರಲಿಲ್ಲ. ನಾಯಕ ಹಾಗೆ ನಿಂತಲ್ಲಿಗೆ ಅದು ಮುಗಿದಂತೆಯೇ ಇತ್ತು.

ಪರದೆಯ ಮೇಲೆ ಬಸ್ಸು ಹೊರಟಿತು. ನಾಯಕ ಕೈಕಟ್ಟಿ ನಿಂತ. ಕತ್ತಲಲ್ಲಿ ಮಂಜಪ್ಪನ ಕೈ ತಾನಾಗಿಯೇ ಕಾಲ ಬಳಿ ಶಿಫ್ಟಿನ ಕಾಲದ ಬುತ್ತಿ ಕ್ಯಾರಿಯರ್‌ಗಾಗಿ ತಡಕಾಡಿತು. ಶುಭಂ ಬರಲಿಲ್ಲ. ನಾಯಕ ಕೈ ಬಿಚ್ಚಿದ, ಓಡತೊಡಗಿದ. ಒಂದು ಚಪ್ಪಲಿ ಕಿತ್ತುಹೋಯಿತು, ಇನ್ನೊಂದನ್ನು ತಾನೇ ಒದ್ದು ಬಿಸಾಡಿದ. ಅವನ ಕೈ ಬಸ್ಸಿನ ಹಿಂದಿನ ಏಣಿಗೆ ತಾಗುವುದಕ್ಕೂ, ಮಂಜಪ್ಪ ಜನರ ಕಾಲು ತುಳಿಯುತ್ತ ಬಾಗಿಲು ದಾಟುವುದಕ್ಕೂ ಸರಿಹೋಯಿತು.

ರಾಗಿಗುಡ್ಡದಲ್ಲಿ ಉಚ್ಚಂಗಮ್ಮ ತಂಗಿಯ ಮನೆಯ ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಆಟೋ ನಿಂತದ್ದು ನೋಡಿದಳು, ಏಳಲಿಲ್ಲ. ಬ್ಯಾಗು ತಗೊಂಡು ಹೊರಡು, ಆಟೋ ನಿಲ್ಲಿಸಿಕೊಂಡೇ ಬಂದಿದ್ದೇನೆ ಎಂದ ಮಂಜಪ್ಪ. ಅವಳು ಊಟ ಆಯಿತೇ ಎಂದು ಕೇಳಿದಳು.

"ಹಾಲಸ್ವಾಮಿ ಪಿಚ್ಚರ್ ನೋಡ್ಕೊಂಡು ಬಂದೆ. ಕೊನೇಲಿ ಅವನು ಓಡ್ತಾನೆ ಕಣೆ."

"ಗೊತ್ತು. ಮದುವೆಗೆ ಮುಂಚೆ ಇಲ್ಲೇ ನೋಡಿದ್ದೆ, ವೀಣಾ ಜೊತೆ."

"ಮತ್ತೆ ಒಂದು ದಿನಾನೂ ಹೇಳ್ಲಿಲ್ವಲ್ಲ."

"ನೀವು ನೋಡಿದೀನಿ ಅಂತಿದ್ರಿ," ಉಚ್ಚಂಗಮ್ಮ ಒಂದು ಹುಳುಕು ಕಾಯಿ ಆಚೆಗೆಸೆದಳು. "ನೋಡಿದ ಮೇಲೂ ಓಡದೆ ಇರೋ ಗಂಡಸು ಅಂದ್ಕೊಂಡಿದ್ದೆ."

ಮಂಜಪ್ಪ ಮೆಟ್ಟಿಲ ಕೆಳಗೇ ನಿಂತಿದ್ದ. ಹಿಂದೆ ಆಟೋದವನು ಎಂಜಿನ್ ಆರಿಸದೆ ಕಾಯುತ್ತಿದ್ದ. ಚಿತ್ರದಲ್ಲಿ ನಾಯಕ ಬಸ್ಸು ಹಿಡಿದ ಮೇಲೆ ಏನಾಯಿತು ಎಂದು ಅವಳೇ ಕೇಳಿದಳು.

"ಏನಾಗುತ್ತೆ, ಅವಳು ಇಳಿದಿರ್ತಾಳೆ. ನಾನು ಅಷ್ಟಕ್ಕೇ ಎದ್ದು ಬಂದೆ."

ಉಚ್ಚಂಗಮ್ಮ ಮೊದಲ ಬಾರಿಗೆ ಗಂಡನ ಮುಖವನ್ನು ಸರಿಯಾಗಿ ನೋಡಿದಳು.

"ಅವಳು ಇಳಿಯಲ್ಲ. ಅವನೇ ಹತ್ತುತ್ತಾನೆ. ಪಕ್ಕದಲ್ಲಿ ಕೂತ್ಕೊಂಡು ಅವಳ ಊರಿಗೇ ಟಿಕೆಟ್ ತಗೋತಾನೆ."

ಆಮೇಲೆ ಅವರೆಕಾಯಿಯ ಮೊರವನ್ನು ಮೆಟ್ಟಿಲ ಆ ಬದಿಗೆ ಸರಿಸಿ, ಒಬ್ಬರು ಕೂರುವಷ್ಟು ಜಾಗ ಮಾಡಿದಳು.

"ಆಟೋ ಕಳ್ಸಿ," ಎಂದಳು.