ಪೀಕದಾನಿಯ ನೀಲಿ

ಕಲ್ಪನಾ ಉಗುಳಿದ ಕೆಂಪು ವೈನು ಅಜ್ಜಿಯ ಪೀಕದಾನಿಯಲ್ಲಿ ನೋಡನೋಡುತ್ತಲೇ ನೀಲಿಗಪ್ಪಾಯಿತು. ತಳದಲ್ಲಿದ್ದ ಎಲೆಸುಣ್ಣ ಅದರ ಬಣ್ಣ ತಿರುಗಿಸಿತ್ತು. ಅಷ್ಟರಲ್ಲಿ ಒಳಗೆ ಬಂದ ಶಂಕ್ರಮ್ಮಜ್ಜಿ ಪೀಕದಾನಿ ನೋಡಿದಳು, ಮೊಮ್ಮಗಳ ನೇರಳೆಗಟ್ಟಿದ ತುಟಿ ನೋಡಿದಳು, ಗೋಡೆ ಹಿಡಿದುಕೊಂಡಳು.

“ಅಯ್ಯೋ, ತೋಟಕ್ಕೆ ಹೊಡ್ಯೋ ಔಷ್ದಿ ಕುಡ್ದಿಯೇನೇ? ಕಕ್ಕು, ಕಕ್ಕವ್ವಾ!” ಅಜ್ಜಿಯ ಬೆರಳು ಆಗಲೇ ಅವಳ ಗಂಟಲಿಗೆ ಇಳಿಯುತ್ತಿತ್ತು.

ಕಲ್ಪನಾ ಆ ಕೈ ಹಿಡಿದುಕೊಂಡಳು. ನಾಳಿದ್ದಿನ ಸ್ಪರ್ಧೆಯಲ್ಲಿ ಅವಳು ದಕ್ಷಿಣ ಫ್ರಾನ್ಸಿನ ವೈನುಗಳಿಗೆ ಅಂಕ ಕೊಡಬೇಕಿತ್ತು. ತ್ಯಾವಣಿಗೆಯ ಈ ಲಿಂಗಾಯತರ ಮನೆಯಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ. ಹೇಳದಿದ್ದರೆ ಅಜ್ಜಿಯ ಎದೆ ಒಡೆದುಹೋಗುತ್ತಿತ್ತು.

“ವಿಷ ಅಲ್ಲಜ್ಜಿ, ವೈನು. ದ್ರಾಕ್ಷಿ ಹೆಂಡ. ರುಚಿ ನೋಡಿ ಉಗುಳ್ತೀನಿ, ಹೆಂಗೈತೆ ಅಂತ ಹೇಳ್ತೀನಿ. ಅದೇ ನನ್ನ ಕೆಲ್ಸ.”

“ಯಾಕವ್ವಾ ಕೂಗಿದ್ದು?” ಅನ್ನುತ್ತ ಅಪ್ಪ ಮೆಟ್ಟಿಲು ಹತ್ತುವುದು ಕೇಳಿಸಿತು. ಕಲ್ಪನಾಳ ಕೈಯಲ್ಲಿ ವೈನಿನ ಗ್ಲಾಸು ಇನ್ನೂ ಹಾಗೇ ಇತ್ತು. ಅವಳಿಗೆ ಅದನ್ನು ಕೆಳಗಿಡಲೂ ತೋಚಲಿಲ್ಲ.

ಅಜ್ಜಿ ಗ್ಲಾಸು ಕಿತ್ತುಕೊಂಡು ಸೆರಗಿನೊಳಗೆ ಮುಚ್ಚಿದಳು. ಬಾಯಲ್ಲಿದ್ದ ಎಲೆಯಡಿಕೆಯನ್ನೆಲ್ಲ ಆ ನೀಲಿಯ ಮೇಲೆ ಕೆಂಪಗೆ ಉಗುಳಿ, ಬಾಗಿಲಲ್ಲಿ ನಿಂತ ಮಗನ ಕಡೆ ತಿರುಗಿದಳು.

“ಏನಿಲ್ಲ ಹೋಗೋ. ಸುಣ್ಣ ಜಾಸ್ತಿ ಆಗಿ ಬಾಯಿ ಸುಟ್ಕಂಡೆ.”