ಕೆಳಮನೆಯ ಲೈನು

"ತಾಮ್ರದ ಪೈಪೇ ಹಾಕಿ ಅಂತಿದ್ದಾರೆ ನಿಮ್ಮಣ್ಣ," ಎಂದ ಫಿಟ್ಟರ್, ತಮ್ಮನಿಗೆ.

ಹಾಗೆ ಹೇಳುವ ಅಗತ್ಯವೇ ಇರಲಿಲ್ಲ. ತಮ್ಮನಿಂದ ಒಂದು ಮೊಳ ದೂರದಲ್ಲಿ ನಿಂತು, ಪಕ್ಕದ ಬೀದಿಗೂ ಕೇಳುವ ಹಾಗೆ ಅಣ್ಣ ಅದನ್ನು ಆಗಲೇ ಕೂಗಿ ಹೇಳಿದ್ದ. ಆದರೆ ಮಾತು ಬಿಟ್ಟ ಅಣ್ಣತಮ್ಮಂದಿರ ಕಾನೂನೇ ಬೇರೆ. ಇವನ ಮಾತು ಅವನಿಗೆ ಮೂರನೆಯವರ ಬಾಯಿಂದಲೇ ಮುಟ್ಟಬೇಕು. ಇವತ್ತು ತಾರಸಿಯ ಮೇಲೆ ಆ ಬಾಯಿ, ಸೋಲಾರ್ ಬಿಸಿನೀರಿನ ಟ್ಯಾಂಕು ಕೂರಿಸಲು ಬಂದ ಫಿಟ್ಟರ್‌ನದು.

"ಕೆಳಮನೆಗೆ ಲೈನೇ ಬೇಡ ಅನ್ನಿ ಅಣ್ಣನಿಗೆ," ಎಂದ ತಮ್ಮ. "ನಾವು ತಿಂಗಳ ಕೊನೆಗೆ ಖಾಲಿ ಮಾಡ್ತೀವಿ. ಬಾಡಿಗೆ ಮನೆ ನೋಡಿ ಆಗಿದೆ."

"ಎರಡು ಲೈನ್ ಹಾಕಿ. ಮೇಲೊಂದು, ಕೆಳಗೊಂದು. ಎರಡೂ ತಾಮ್ರದ್ದೇ," ಎಂದ ಅಣ್ಣ, ಫಿಟ್ಟರ್‌ನ ಮೂಗು ನೋಡುತ್ತ.

"ಹಾಕಲೇಬೇಕು ಅಂದ್ರೆ ಪ್ಲಾಸ್ಟಿಕ್ ಸಾಕು. ಇನ್ನೆಷ್ಟು ದಿನ ನಮ್ಮ ಸ್ನಾನ ಇಲ್ಲಿ."

ಜಗಳ ಹುಟ್ಟಿದ್ದೂ ಇಂಥದ್ದೇ ಟ್ಯಾಂಕಿನಿಂದ. ಹಳೆಯದನ್ನು ಆರಿಸಿ ತಂದವನು ತಮ್ಮ. ಮದುಮಗನ ಹಾಗೆ ಹೊಳೆಯುತ್ತಿತ್ತು, ಅಗ್ಗವೂ ಆಗಿತ್ತು. ಬೋರ್‌ವೆಲ್ಲಿನ ಗಡಸು ನೀರು ಎರಡೇ ವರ್ಷದಲ್ಲಿ ಅದರ ಹೊಟ್ಟೆ ತೂತು ಮಾಡಿತು. ಮೇಲ್ಮನೆಯಲ್ಲಿ ಉಂಡು ಮಲಗಿದ್ದ ಅಣ್ಣನ ಹಣೆಯ ಮೇಲೆ ತಾರಸಿಯಿಂದ ಬಿಸಿನೀರು ತೊಟ್ಟಿಕ್ಕಿತು. ಎದ್ದವನೇ ತಮ್ಮನ ಕೆಳಮನೆಗೆ ಇಳಿದು ಹೋಗಿ, "ನೀನು ಕೈ ಹಾಕಿದ್ದು ಯಾವುದು ತಾನೇ ಬಾಳಿದೆ?" ಎಂದುಬಿಟ್ಟ. ನಷ್ಟವಾಗಿ ಅಂಗಡಿ ಮುಚ್ಚಿ ವಾರವೂ ಆಗದ ಮನುಷ್ಯನಿಗೆ ಆಡುವ ಮಾತಲ್ಲ ಅದು. ಬಾಯಿಂದ ಬಿದ್ದ ಗಳಿಗೆಯಲ್ಲೇ ಅಣ್ಣನಿಗೆ ಅದು ಗೊತ್ತಾಯಿತು. ಆದರೆ ಗೊತ್ತಾಯಿತು ಎಂದು ಹೇಳಿ ಕಳಿಸಲು ಮೂರನೆಯವರು ಯಾರೂ ಸಿಗಲಿಲ್ಲ.

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತಂತೆ. ಇಲ್ಲಿ ಎತ್ತು ಯಾರು, ಕೋಣ ಯಾರು ಎಂದು ಹೇಳಿ ನಾನೇಕೆ ಕೆಟ್ಟವನಾಗಲಿ? ಟ್ಯಾಂಕಿನ ಒಳಗೆ ಒಳ್ಳೆಯ ಸ್ಟೀಲಿರಲಿ ಎಂದ ಅಣ್ಣ. ಅಷ್ಟೆಲ್ಲ ಯಾಕೆ ಎಂದ ತಮ್ಮ. ಸ್ಟ್ಯಾಂಡು ತುಕ್ಕು ಹಿಡಿಯದ್ದೇ ಬೇಕೆಂದ ಒಬ್ಬ, ಬಣ್ಣ ಬಳಿದರಾಯಿತೆಂದ ಇನ್ನೊಬ್ಬ. ನಡುವೆ ಕತ್ತು ಅತ್ತಿತ್ತ ತಿರುಗಿಸಿ ತಿರುಗಿಸಿ ಫಿಟ್ಟರ್‌ಗೆ ಕತ್ತು ನೋವೇ ಬಂತು.

ಕೊನೆಗೆ ಮೂವರೂ ಸೇರಿ ಟ್ಯಾಂಕನ್ನು ಎತ್ತಿ ಸ್ಟ್ಯಾಂಡಿನ ಮೇಲಿಟ್ಟರು.

"ಸಾರ್, ಆ ಕಡೆ ನೀವು ಹಿಡ್ಕೊಳ್ಳಿ, ಈ ಕಡೆ ನೀವು," ಎಂದ ಫಿಟ್ಟರ್. "ಬೋಲ್ಟ್ ಕೆಳಗಿದೆ, ತರ್ತೀನಿ. ಒಬ್ಬರು ಕೈ ತೆಗೆದ್ರೂ ಉರುಳಿಹೋಗುತ್ತೆ ಮತ್ತೆ."

ಅವನು ಇಳಿದುಹೋದ. ಅಣ್ಣತಮ್ಮಂದಿರು ಟ್ಯಾಂಕನ್ನು ಎರಡೂ ಕಡೆಯಿಂದ ತಬ್ಬಿಕೊಂಡು ನಿಂತರು. ಬಿಸಿಲು ನೆತ್ತಿ ಸುಡುತ್ತಿತ್ತು. ಅಣ್ಣನ ಮೂಗಿನ ತುದಿಗೆ ಬೆವರು ಇಳಿಯಿತು, ಒರೆಸಿಕೊಳ್ಳಲು ಕೈಯಿಲ್ಲ. ಮಾತು ಮುಟ್ಟಿಸುವವನೂ ಇಲ್ಲ.

"ಈ ಫಿಟ್ಟರ್ ಬಂದ ಮೇಲೆ ಒಂದು ಮಾತು ಹೇಳ್ಬೇಕು," ಎಂದ ಅಣ್ಣ ಟ್ಯಾಂಕಿಗೆ. "ಆವತ್ತು ನಾನು ಹಾಗೆ ಅನ್ನಬಾರದಾಗಿತ್ತು ಅಂತ."

ಟ್ಯಾಂಕು ಸುಮ್ಮನಿತ್ತು. ಆಚೆ ಕಡೆ ಯಾರೋ ಮೂಗು ಎಳೆದುಕೊಂಡ ಸದ್ದು ಕೇಳಿತು.

"ಬರ್ಲಿ," ಎಂದ ತಮ್ಮ, ಅವನೂ ಟ್ಯಾಂಕಿಗೇ. "ನಾನೂ ಹೇಳೋದಿದೆ. ಕೆಳಮನೆಗೂ ತಾಮ್ರದ್ದೇ ಹಾಕ್ಲಿ ಅಂತ."

"ಬಾಡಿಗೆ ಮನೆಯವರಿಗೆ ಏನು ಹೇಳೋದು ಅಂತಾನೂ ಕೇಳ್ಬೇಕು ಅವನನ್ನ."

"ಅವನಿಗೇನು ಗೊತ್ತಿರುತ್ತೆ? ಅದನ್ನ ನಾನು ನೋಡ್ಕೊಳ್ತೀನಿ."

ತಾರಸಿಯ ಮೆಟ್ಟಿಲ ಮೇಲೆ ಫಿಟ್ಟರ್ ಕಾಲು ಚಾಚಿ ಕುಳಿತು ಟೀ ಕುಡಿಯುತ್ತಿದ್ದ. ಅಣ್ಣನ ಹೆಂಡತಿ ಕೆಳಗಿನಿಂದ ಇಣುಕಿದಳು. "ಇನ್ನೂ ಬೋಲ್ಟ್ ಸಿಗ್ಲಿಲ್ವೇನಪ್ಪಾ?"

"ಜೇಬಲ್ಲೇ ಇದೆ ಅಕ್ಕಾ," ಎಂದು ಅವನು ಖಾಲಿ ಲೋಟ ಚಾಚಿದ. "ಇನ್ನೊಂದು ಲೋಟ ಕೊಡಿ. ಈಗಲೇ ಹೋದ್ರೆ ಕೆಲಸ ಕೆಡುತ್ತೆ."